ತೆರಿಗೆಯೇ ಇಲ್ಲದ ಹಿರಿಯರಿಗೆ ಕಡಿತವೇಕೆ?

ಕೈಗಾರಿಕಾ ಪ್ರದೇಶಗಳಿಗೂ ವಯಸ್ಸಾಗುತ್ತದೆ. 1970ರ ದಶಕದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಲೇತ್ ಯಂತ್ರದ ಮುಂದೆ ನಿಂತ ತರುಣರು ಇಂದು ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯ ಮೊದಲ ತಲೆಮಾರಿನ ತಂತ್ರಜ್ಞರೂ ನಿವೃತ್ತರಾಗಿದ್ದಾರೆ. ಬೆಂಗಳೂರಿನ ಹೊರವಲಯವೆಂದರೆ ಯುವಜನರ ಜಗತ್ತು ಎಂಬ ಕಲ್ಪನೆಯಲ್ಲಿ ಈ ಹಿರಿಯರು ಕಾಣುವುದೇ ಇಲ್ಲ. ಆದಾಯ ತೆರಿಗೆ ಕಾನೂನಿಗೆ ಮಾತ್ರ ಅವರು ಕಾಣುತ್ತಾರೆ. ಆದರೆ ಕಾಣಬೇಕಾದ ರೀತಿಯಲ್ಲಲ್ಲ.

ನನ್ನಂತಹ ನಿವೃತ್ತ ಸರ್ಕಾರಿ ನೌಕರರ ಪಿಂಚಣಿ ಬೆಲೆಯೇರಿಕೆಗೆ ಅನುಗುಣವಾಗಿ, ತುಟ್ಟಿಭತ್ಯೆಯ ಮೂಲಕ ಏರುತ್ತದೆ. ಖಾಸಗಿ ಕಾರ್ಖಾನೆಗಳಲ್ಲಿ ದುಡಿದವರಿಗೆ ಆ ಭಾಗ್ಯವಿಲ್ಲ. ಅವರ ಪಾಲಿಗಿರುವುದು 1995ರ ನೌಕರರ ಪಿಂಚಣಿ ಯೋಜನೆ. ಅದರಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾದದ್ದೇ 2014ರಲ್ಲಿ. ಯೋಜನೆಯ ವೇತನ ಮಿತಿಯೊಳಗೆ ವಂತಿಗೆ ಕಟ್ಟಿದವರಿಗೆ ದೊರೆಯುವುದು ಕೆಲವು ಸಾವಿರ ರೂಪಾಯಿ, ಅದಕ್ಕೆ ತುಟ್ಟಿಭತ್ಯೆಯಿಲ್ಲ. ಹೀಗಾಗಿ ಭವಿಷ್ಯನಿಧಿ ಮತ್ತು ಗ್ರಾಚ್ಯುಟಿಯ ಹಣವನ್ನು ಠೇವಣಿಯಿಟ್ಟು, ಅದರ ಬಡ್ಡಿಯಲ್ಲಿ ಬದುಕುವುದೊಂದೇ ಅವರಿಗಿರುವ ದಾರಿ. ನಿಜಾರ್ಥದಲ್ಲಿ ಬಡ್ಡಿಯೇ ಅವರ ಪಿಂಚಣಿ.

ಹಿರಿಯರಿಗೆ ತೆರಿಗೆ ರಿಯಾಯಿತಿ ಎಂದೊಡನೆ ನಮ್ಮ ಚರ್ಚೆ ವಿನಾಯಿತಿ ಮಿತಿಯ ಸುತ್ತಲೇ ಸುತ್ತುತ್ತದೆ. 2005ರ ಬಜೆಟ್ ಸಾಮಾನ್ಯರಿಗೆ 1 ಲಕ್ಷ ರೂಪಾಯಿ ಮಿತಿ ವಿಧಿಸಿ, 65 ದಾಟಿದವರಿಗೆ ಅದನ್ನು 1.85 ಲಕ್ಷಕ್ಕೆ ಏರಿಸಿತು. 2011ರಲ್ಲಿ ಹಿರಿಯ ನಾಗರಿಕರ ವಯೋಮಿತಿ 60ಕ್ಕೆ ಇಳಿಯಿತು. 80 ದಾಟಿದವರಿಗೆ 5 ಲಕ್ಷದ ಪ್ರತ್ಯೇಕ ಮಿತಿ ಬಂತು. 2014ರಲ್ಲಿ ಅರವತ್ತು ದಾಟಿದವರ ಮಿತಿ 3 ಲಕ್ಷವಾಯಿತು. ಹಳೆಯ ತೆರಿಗೆ ಪದ್ಧತಿಯಲ್ಲಿ ಅಂಕಿಗಳು ಅಲ್ಲಿಗೇ ನಿಂತವು. ಹೊಸ ಪದ್ಧತಿಯಲ್ಲಂತೂ ವಯಸ್ಸಿಗೆ ಬೆಲೆಯಿಲ್ಲ. 2025-26ರ ಆರ್ಥಿಕ ವರ್ಷದಿಂದ ಅಲ್ಲಿ ಎಲ್ಲರಿಗೂ ವಿನಾಯಿತಿ ಮಿತಿ 4 ಲಕ್ಷ. ರಿಯಾಯಿತಿಯೂ ಸೇರಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯಿಲ್ಲ.

ವಯಸ್ಸಿನ ಭೇದ ಅಳಿಸಿಹೋದರೂ 12 ಲಕ್ಷ ದೊಡ್ಡ ಮೊತ್ತವೇ. ಹಾಗಾದರೆ ಪೀಣ್ಯದ ನಿವೃತ್ತನಿಗೆ ತಕರಾರು ಏಕಿರಬೇಕು? ಉತ್ತರ ಇನ್ನೊಂದು ಅಂಕಿಯಲ್ಲಿದೆ. ಅದೇ ಬಜೆಟ್, ಹಿರಿಯರ ಬಡ್ಡಿಯ ಮೇಲೆ ಮೂಲದಲ್ಲೇ ತೆರಿಗೆ ಕಡಿತ ಮಾಡುವ ಮಿತಿಯನ್ನು 50,000 ರೂಪಾಯಿಯಿಂದ ಏರಿಸಿತು. ಏರಿಸಿದ್ದು 1 ಲಕ್ಷಕ್ಕೆ ಮಾತ್ರ. ಅಂದರೆ ವರ್ಷಕ್ಕೆ 12 ಲಕ್ಷದವರೆಗೆ ತೆರಿಗೆಯಿಲ್ಲ ಎಂದು ಸಾರುವ ಸರ್ಕಾರ, ಬಡ್ಡಿ 1 ಲಕ್ಷ ದಾಟಿದೊಡನೆ ಶೇ 10ರಷ್ಟನ್ನು ಮುರಿದುಕೊಳ್ಳುವಂತೆ ಬ್ಯಾಂಕಿಗೆ ಹೇಳುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿಯೇ ಮಧ್ಯಮ ವರ್ಗದ ಹಿರಿಯರ ಅಲೆದಾಟವೆಲ್ಲ ಇದೆ.

ಒಂದು ಲೆಕ್ಕ ನೋಡೋಣ. ಅರವತ್ತೆರಡರ ನಿವೃತ್ತರೊಬ್ಬರು 20 ಲಕ್ಷ ರೂಪಾಯಿಯನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ, 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶೇ 8.2ರ ದರದಲ್ಲಿ ತೊಡಗಿಸಿದ್ದಾರೆ ಎನ್ನೋಣ. ಮೂರು ತಿಂಗಳಿಗೊಮ್ಮೆ 41,000, ವರ್ಷಕ್ಕೆ 1,64,000 ರೂಪಾಯಿ ಬಡ್ಡಿ. ಅವರು ಕಟ್ಟಬೇಕಾದ ತೆರಿಗೆ ಸೊನ್ನೆ. ಆದರೆ ತಮಗೆ ತೆರಿಗೆ ಬರುವುದಿಲ್ಲವೆಂಬ ಘೋಷಣಾಪತ್ರವನ್ನು ಆ ವರ್ಷ ಸಲ್ಲಿಸಲು ಮರೆತರೆ 16,400 ರೂಪಾಯಿ ಕಡಿತವಾಗುತ್ತದೆ. ಅದನ್ನು ಮರಳಿ ಪಡೆಯಲು ರಿಟರ್ನ್ಸ್ ಸಲ್ಲಿಸಬೇಕು, ಮರುಪಾವತಿಗೆ ಮುಂದಿನ ವರ್ಷದವರೆಗೆ ಕಾಯಬೇಕು. ಪ್ಯಾನ್ ಮತ್ತು ಆಧಾರ್‌ನಲ್ಲಿ ಹೆಸರು ಹೊಂದದೆ ಜೋಡಣೆ ತಪ್ಪಿದ್ದರೆ ಕಡಿತ ಶೇ 20. ಘೋಷಣೆಯನ್ನು ಪ್ರತಿವರ್ಷವೂ, ಹಣವಿಟ್ಟಿರುವ ಪ್ರತಿ ಬ್ಯಾಂಕಿಗೂ ಕೊಡಬೇಕು. ಮಕ್ಕಳು ಜೊತೆಗಿರುವವರು ಹೇಗೋ ನಿಭಾಯಿಸುತ್ತಾರೆ. ಒಂಟಿಯಾಗಿರುವ ವೃದ್ಧೆಯರ ಪಾಡೇನು?

ಮೂಲದಲ್ಲಿ ಕಡಿತ ಮಾಡದಿದ್ದರೆ ತೆರಿಗೆ ತಪ್ಪಿಸುವವರು ಹೆಚ್ಚುತ್ತಾರೆ ಎಂಬುದು ಸರ್ಕಾರದ ಹಳೆಯ ವಾದ. ಕಾಗದದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಇಂದು ಠೇವಣಿದಾರರ ಬಡ್ಡಿಯ ವಿವರವನ್ನು ಬ್ಯಾಂಕುಗಳೇ ಇಲಾಖೆಗೆ ಒಪ್ಪಿಸುತ್ತವೆ. 2021ರಿಂದ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಅದು ಕಾಣಿಸಿಕೊಳ್ಳುತ್ತಿದೆ. ಮಾಹಿತಿ ಕೈಯಲ್ಲಿರುವಾಗ ಹಣವನ್ನೂ ಹಿಡಿದಿಟ್ಟುಕೊಳ್ಳುವುದು ಅನಗತ್ಯ.

ಸುಧಾರಣೆಯ ಪ್ರಯತ್ನ ನಡೆದಿಲ್ಲವೆಂದಲ್ಲ. 75 ದಾಟಿದವರಿಗೆ ರಿಟರ್ನ್ಸ್ ಸಲ್ಲಿಕೆಯಿಂದ ವಿನಾಯಿತಿ ನೀಡುವ ವ್ಯವಸ್ಥೆ 2021ರ ಏಪ್ರಿಲ್‌ನಲ್ಲಿ ಬಂತು. ಆದರೆ ಪಿಂಚಣಿ ಇರಬೇಕು, ಬಡ್ಡಿಯೂ ಅದೇ ಬ್ಯಾಂಕಿನಿಂದ ಮಾತ್ರ ಬರಬೇಕು ಎಂಬ ಷರತ್ತುಗಳಿವೆ. ಒಂದಿಷ್ಟು ಹಣವನ್ನು ಅಂಚೆ ಕಚೇರಿಯಲ್ಲಿಟ್ಟ ಕಾರ್ಮಿಕನಿಗೆ ಆ ಬಾಗಿಲು ತೆರೆಯುವುದಿಲ್ಲ. 55ಕ್ಕೆ ನಿವೃತ್ತರಾದವರನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ತೆರಿಗೆ ಕಾನೂನು ಮಾತ್ರ 60 ಆಗುವವರೆಗೆ ಅವರನ್ನು ಹಿರಿಯರೆಂದು ಒಪ್ಪುವುದಿಲ್ಲ.

ಹನ್ನೆರಡು ಲಕ್ಷ ದಾಟಿದವರ ವಿಷಯದಲ್ಲೂ ನ್ಯಾಯದ ಪ್ರಶ್ನೆಯಿದೆ. ಹೊಸ ಪದ್ಧತಿಯಲ್ಲಿ ಸಂಬಳ ಮತ್ತು ಪಿಂಚಣಿಗೆ 75,000 ರೂಪಾಯಿಯ ನೇರ ಕಡಿತ ಸೌಲಭ್ಯವಿದೆ. ಪಿಂಚಣಿದಾರ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಪಡೆಯುವ ಪತ್ನಿಗೆ ಅದು ಹೆಚ್ಚೆಂದರೆ 25,000. ಬಡ್ಡಿಯನ್ನೇ ನಂಬಿದವರಿಗೆ ಏನೂ ಇಲ್ಲ; 2018ರಲ್ಲಿ ಹಿರಿಯರ ಬಡ್ಡಿಗೆ ಕೊಟ್ಟ 50,000 ರೂಪಾಯಿಯ ರಿಯಾಯಿತಿ ಹಳೆಯ ಪದ್ಧತಿಗಷ್ಟೇ ಸೀಮಿತ. ವೈದ್ಯಕೀಯ ವೆಚ್ಚದ ರಿಯಾಯಿತಿಯ ಕಥೆಯೂ ಅದೇ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದದ್ದು ಸ್ವಾಗತಾರ್ಹ. ಆದರೆ ವಯಸ್ಸಿನ ಕಾರಣಕ್ಕೆ ವಿಮೆಯೇ ಸಿಗದವರಿಗೆ ಅದರಿಂದ ಉಪಯೋಗವಿಲ್ಲ.

ವೈಟ್‌ಫೀಲ್ಡ್‌ನಲ್ಲಿ ದುಬಾರಿ ಬಾಡಿಗೆ ತೆತ್ತು ಬದುಕುವ ತರುಣನಿಗಿಂತ ಸಿರಿವಂತ ವೃದ್ಧನಿಗೆ ಹೆಚ್ಚು ರಿಯಾಯಿತಿ ಏಕೆ ಎಂಬ ಪ್ರಶ್ನೆ ಸಹಜ. ತೆರಿಗೆ ತೆರುವ ಶಕ್ತಿಯೇ ಮಾನದಂಡವಾಗಬೇಕೆಂಬುದು ಅರ್ಥಶಾಸ್ತ್ರದ ಮೂಲ ಪಾಠ. ವಯಸ್ಸು ತಾನಾಗಿ ಬಡತನವಲ್ಲ, ನಿಜ. ಆದರೆ ತರುಣನ ಸಂಬಳ ಏರುತ್ತದೆ. ವೃದ್ಧನ ಠೇವಣಿ ಕರಗುತ್ತದೆ, ಔಷಧಿಯ ಖರ್ಚು ಬೆಳೆಯುತ್ತದೆ. ಶಕ್ತಿಯನ್ನು ಅಳೆಯುವಾಗ ಇವೆರಡನ್ನೂ ತೂಗಬೇಡವೇ?

ಆದ್ದರಿಂದ ಸರ್ಕಾರ ಮೊದಲು ಮಾಡಬೇಕಾದ ಕೆಲಸಕ್ಕೆ ಬೊಕ್ಕಸದ ಹಣ ಬೇಕಿಲ್ಲ. ಹಿರಿಯರ ಬಡ್ಡಿಯ ಮೇಲಿನ ಕಡಿತದ ಮಿತಿಯನ್ನು ತೆರಿಗೆರಹಿತ ಆದಾಯದ ಮಿತಿಗೆ ಸಮೀಪ ತರಲಿ. ಒಮ್ಮೆ ಕೊಟ್ಟ ಘೋಷಣೆ, ಆದಾಯ ಬದಲಾಗುವವರೆಗೆ ಎಲ್ಲ ಬ್ಯಾಂಕುಗಳಲ್ಲೂ ಊರ್ಜಿತವಾಗಲಿ. ರಿಟರ್ನ್ಸ್ ವಿನಾಯಿತಿ ಪಿಂಚಣಿಯಿಲ್ಲದವರಿಗೂ ವಿಸ್ತರಿಸಲಿ. ಬಳಿಕ, ಪಿಂಚಣಿಗಿರುವ ನೇರ ಕಡಿತವನ್ನು ಪಿಂಚಣಿಯಿಲ್ಲದ ಹಿರಿಯರ ಬಡ್ಡಿಗೂ ಕುಟುಂಬ ಪಿಂಚಣಿಗೂ ಸಮನಾಗಿ ಅನ್ವಯಿಸಲಿ. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನಕ್ಕೆ 2025ರ ಹೊಸ ಕಾಯ್ದೆಯನ್ನು ತಂದಾಗ ಸರ್ಕಾರ ಹೇಳಿದ ಉದ್ದೇಶ ಸರಳತೆ. ಆ ಸರಳತೆ ಕಾಯ್ದೆಯ ಭಾಷೆಯಲ್ಲಷ್ಟೇ ಉಳಿಯದೆ, ಬ್ಯಾಂಕಿನ ಕೌಂಟರಿನಲ್ಲಿ ನಿಂತ ಹಿರಿಯರ ಅನುಭವಕ್ಕೂ ಬರಬೇಕು.