ಹುಳಕ್ಕೆ ಜ್ವರ ಬಂದರೆ ಇಂಗ್ಲಿಷಿನಲ್ಲಿ ಏನನ್ನಬೇಕು?

‘ಐ ಫಾರ್ ಇಗ್ಲೂ’ ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಮುಂದೆ ಕೂತಿದ್ದ ನಾಲ್ಕನೇ ತರಗತಿಯ ಹುಡುಗ ಅದನ್ನೇ ದಿಟ್ಟಿಸಿ ನೋಡಿ, ‘ಅಣ್ಣಾ, ಮಕ್ರಿ ಬೋರ್ಲಾಕವ್ರಾ?’ ಎಂದ. ನನ್ನ ಮೊದಲ ದಿನದ ಪಾಠ ಅಲ್ಲಿಗೇ ಮುಗಿಯಿತು.

ಸೆಮಿಸ್ಟರ್ ರಜೆಗೆ ಊರಿಗೆ ಬಂದಿದ್ದೆ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ ನಮ್ಮೂರು. ಪಕ್ಕದ ಮನೆಯ ಅತ್ತೆ, ‘ಬಿಇ ಓದ್ತಾ ಇದ್ದೀಯಲ್ಲಪ್ಪ, ನಮ್ಮ ಮಗೀಗೂ ಒಸಿ ಇಂಗ್ಲಿಷ್ ಹೇಳ್ಕೊಡು’ ಅಂದರು. ಒಂದು ಮಗು ಹೋಗಿ ವಾರದಲ್ಲಿ ಹದಿನೆಂಟಾದವು. ಮೂರನೇ ತರಗತಿಯಿಂದ ಆರರವರೆಗೆ ಎಲ್ಲರೂ ಇದ್ದರು. ಸಂಜೆ ದೇವಸ್ಥಾನದ ಜಗಲಿಯೇ ಶಾಲೆ.

ಆ ಅತ್ತೆಗೆ ಗೊತ್ತಿಲ್ಲದ ಒಂದು ವಿಷಯವಿದೆ. ಮೊದಲ ಸೆಮಿಸ್ಟರಿನ ಲ್ಯಾಬ್ ವೈವಾದಲ್ಲಿ ನಾನು ಬಾಯಿಯೇ ಬಿಟ್ಟಿರಲಿಲ್ಲ. ಉತ್ತರ ಗೊತ್ತಿತ್ತು, ಕನ್ನಡದಲ್ಲಿ ಕೇಳಿದ್ದರೆ ಹತ್ತು ನಿಮಿಷ ಹೇಳುತ್ತಿದ್ದೆ. ನಮ್ಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಅಂದರೆ ನಾನು ಹತ್ತು ವರ್ಷ ಇಂಗ್ಲಿಷ್ ಓದಿದ್ದೆ. ಓದಿದ್ದೆ ಅಷ್ಟೇ, ಮಾತಾಡಿರಲಿಲ್ಲ. ಪ್ರಶ್ನೋತ್ತರ ಉರು ಹೊಡೆದು ಅಂಕ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೇ ದಿನದಿಂದ ಇಗ್ಲೂ ಬಿಟ್ಟೆ. ಕಲಿಸುವ ಬಗೆಗಳನ್ನು ಹುಡುಕಿ ಓದುವಾಗ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ಅವರ ವಿಧಾನ ಸಿಕ್ಕಿತು. ಮಗು ಮಾತೃಭಾಷೆಯನ್ನು ಮೊದಲು ಕೇಳಿಸಿಕೊಳ್ಳುತ್ತದೆ, ‘ಬಾ’, ‘ಕೂತ್ಕೊ’, ‘ಚೆಂಡು ತಾ’ ಎಂದರೆ ಮೈಯಿಂದ ಉತ್ತರ ಕೊಡುತ್ತದೆ, ಬಾಯಿ ಬರುವುದು ಆಮೇಲೆ. ಎರಡನೇ ಭಾಷೆಯನ್ನೂ ಹಾಗೇ ಕಲಿಸಬೇಕು, ಮಾತಾಡು ಎಂದು ಒತ್ತಾಯಿಸಬಾರದು ಎನ್ನುವುದು ಅವರ ವಾದ. ನಾವು ಅದನ್ನು ‘ಅಣ್ಣ ಸೇಸ್’ ಆಟ ಮಾಡಿಕೊಂಡೆವು. ‘ಅಣ್ಣ ಸೇಸ್, ಟಚ್ ದ ಪಿಲ್ಲರ್’ ಎಂದರೆ ಕಂಬ ಮುಟ್ಟಬೇಕು. ‘ಅಣ್ಣ ಸೇಸ್’ ಇಲ್ಲದೆ ಬರೀ ‘ಟಚ್ ದ ಪಿಲ್ಲರ್’ ಎಂದಾಗ ಮುಟ್ಟಿದವರು ಔಟ್. ಮೂರನೇ ದಿನಕ್ಕೆ ‘ವಾಕ್ ಸ್ಲೋಲಿ ಟು ದ ಬೇವಿನ ಮರ’ವರೆಗೆ ಬಂದಿದ್ದೆವು. ಬೇವಿಗೆ ಇಂಗ್ಲಿಷಿನಲ್ಲಿ ನೀಮ್ ಎಂದು ನಾನು ಹೇಳಿಕೊಡುವ ಮೊದಲೇ ಒಬ್ಬ ಹೇಳಿದ, ಸೋಪಿನ ಜಾಹೀರಾತಿನಲ್ಲಿ ಕೇಳಿದ್ದನಂತೆ.

ಐದನೇ ತರಗತಿಯ ಒಬ್ಬಳು ಹುಡುಗಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಅವಳ ಮನೆಮಾತು ತಮಿಳು. ನಮ್ಮ ಕಡೆ ಇದು ಹೊಸದಲ್ಲ. ಮಾರ್ಟಳ್ಳಿ ಕಡೆ ಹೋದರೆ ತಮಿಳು, ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತಿದರೆ ಸೋಲಿಗರ ನುಡಿ, ಒಡೆಯರಪಾಳ್ಯದ ಹತ್ತಿರ ಟಿಬೆಟನ್ನರ ಶಿಬಿರವೇ ಇದೆ. ಈ ಮಕ್ಕಳಿಗೆ ಶಾಲೆಯ ಕನ್ನಡವೇ ಎರಡನೇ ಭಾಷೆ, ಇಂಗ್ಲಿಷ್ ಮೂರನೆಯದು. ‘ದಡ್ಡಿ ಅಣ್ಣಾ ಅವ್ಳು’ ಎಂದು ಉಳಿದವರು ಹೇಳುತ್ತಿದ್ದರು. ಆದರೆ ‘ಅಣ್ಣ ಸೇಸ್’ನಲ್ಲಿ ಅವಳು ಒಂದು ಸಲವೂ ಔಟಾಗಲಿಲ್ಲ. ಎಲ್ಲ ಅರ್ಥವಾಗುತ್ತಿತ್ತು. ವೈವಾದ ಮೇಜಿನ ಮುಂದೆ ನಿಂತಿದ್ದ ನನ್ನ ನೆನಪಾಯಿತು. ನಾನು ಅವಳನ್ನು ಒತ್ತಾಯಿಸಲಿಲ್ಲ.

ಕೈಕೊಟ್ಟ ಆಟಗಳೂ ಇದ್ದವು. ಚೌಕಾಬಾರ ಆಡಿಸಿ ಮನೆಗಳನ್ನು ಇಂಗ್ಲಿಷಿನಲ್ಲಿ ಎಣಿಸಲು ಹೇಳಿದೆ. ಕಾಯಿ ಕಡಿದ ಕ್ಷಣವೇ ಎಲ್ಲರೂ ಕನ್ನಡದಲ್ಲಿ ಜಗಳಕ್ಕೆ ಬಿದ್ದರು. ಜಗಳವನ್ನು ಇಂಗ್ಲಿಷಿನಲ್ಲಿ ಆಡಿಸುವಷ್ಟು ಇಂಗ್ಲಿಷ್ ನನಗೂ ಬರುವುದಿಲ್ಲ.

ನಿಜವಾಗಿ ಗೆದ್ದದ್ದು ಬಸ್ಸಿನ ಲೆಕ್ಕ. ಇದು ನನ್ನ ಸ್ವಂತ ಐಡಿಯಾ ಅಲ್ಲ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬ ಭಾಷಾತಜ್ಞರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಅದು ಜಗತ್ತಿನಾದ್ಯಂತ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ವ್ಯಾಕರಣ ಪಾಠ ಬಿಟ್ಟು, ಮಕ್ಕಳಿಗೆ ನಕ್ಷೆ, ವೇಳಾಪಟ್ಟಿ ಕೊಟ್ಟು ಇಂಗ್ಲಿಷಿನಲ್ಲಿ ಸಮಸ್ಯೆ ಬಿಡಿಸಲು ಹೇಳುವುದು. ತಲೆ ಉತ್ತರ ಹುಡುಕುವುದರಲ್ಲಿ ಮುಳುಗಿದ್ದಾಗ ಭಾಷೆ ತಾನಾಗಿಯೇ ಒಳಗಿಳಿಯುತ್ತದೆ ಎನ್ನುವುದು ಅವರ ನಂಬಿಕೆ. ಮೊದಲು ಮೇಷ್ಟ್ರು ಒಂದು ಲೆಕ್ಕವನ್ನು ಎಲ್ಲರ ಜೊತೆ ಮಾತಾಡುತ್ತಾ ಬಿಡಿಸುತ್ತಾರೆ, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುತ್ತಾರೆ. ಇಷ್ಟು ದೊಡ್ಡ ಹೆಸರು ನಮ್ಮ ಪಕ್ಕದ ಬೆಂಗಳೂರಿನದು ಎಂದು ನನಗೆ ಗೊತ್ತಾಗಿದ್ದು ಇಪ್ಪತ್ತನೇ ವಯಸ್ಸಿನಲ್ಲಿ!

ರಟ್ಟಿನ ಮೇಲೆ ನಾನೇ ಒಂದು ವೇಳಾಪಟ್ಟಿ ಬರೆದೆ. ತಾತ ಎಂಟು ಗಂಟೆಗೆ ಯಳಂದೂರು ಬಿಡುತ್ತಾರೆ, ಕೊಳ್ಳೇಗಾಲಕ್ಕೆ ಅರ್ಧ ಗಂಟೆ. ಅಲ್ಲಿಂದ ಮಹದೇಶ್ವರ ಬೆಟ್ಟಕ್ಕೆ 8.15ಕ್ಕೆ ಒಂದು ಬಸ್, 9.30ಕ್ಕೆ ಇನ್ನೊಂದು. ದಾರಿ ಎರಡೂವರೆ ಗಂಟೆ. ತಾತ ಯಾವ ಬಸ್ ಹಿಡಿಯಬೇಕು, ಬೆಟ್ಟ ಸೇರುವುದು ಎಷ್ಟಕ್ಕೆ? ‘ವೈ ನಾಟ್ ಏಟ್ ಫಿಫ್ಟೀನ್?’ ಎಂದೆ. ‘ತಾತ ಲೇಟ್. ಬಸ್ ಗೋ!’ ಎಂದು ಒಬ್ಬ ಕೂಗಿದ. ತಪ್ಪು ಎನ್ನಲಿಲ್ಲ. ‘ಯೆಸ್, ದ ಬಸ್ ಹ್ಯಾಸ್ ಗಾನ್’ ಎಂದು ಮುಂದುವರಿದೆ. ಒಂದು ವಾರ ಕಳೆದ ಮೇಲೆ ಅದೇ ಹುಡುಗ ‘ಬಸ್ ಹ್ಯಾಸ್ ಗಾನ್’ ಎಂದ. ‘ಪ್ರೈವೇಟ್ ಬಸ್ ಯಾಕ್ ಬರ್ದಿಲ್ಲ ಅಣ್ಣಾ?’ ಎಂದೂ ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಅವರವರ ಮನೆಯ ಕೆಲಸವನ್ನು ಇಂಗ್ಲಿಷಿನಲ್ಲಿ ತೋರಿಸುವ ಆಟ. ಒಬ್ಬರು ಮಾಡಿ ತೋರಿಸಬೇಕು, ಉಳಿದವರು ಏನೆಂದು ಹೇಳಬೇಕು. ಆ ತಮಿಳು ಹುಡುಗಿ ಎದ್ದು ಬಂದಳು. ಅವರದು ಹುಳು ಸಾಕುವ ಮನೆ. ಹಿಪ್ಪುನೇರಳೆ ಸೊಪ್ಪು ಕತ್ತರಿಸಿದ ಹಾಗೆ ಮಾಡಿದಳು, ‘ಲೀಫ್ ಕಟ್ಟಿಂಗ್’ ಎಂದರು. ಹುಳಕ್ಕೆ ಹಾಕಿದಳು, ‘ಈಟಿಂಗ್’. ಆಮೇಲೆ ತಲೆ ಎತ್ತಿ ಅಲ್ಲಾಡದೆ ಕೂತಳು. ಯಾರಿಗೂ ತಿಳಿಯಲಿಲ್ಲ. ‘ಸ್ಲೀಪಿಂಗ್?’ ಎಂದೆ. ತಲೆಯಾಡಿಸಿ, ‘ನೋ ಅಣ್ಣಾ. ವರ್ಮ್ ಫೀವರ್. ನೋ ಈಟ್. ಫೋರ್ ಟೈಮ್ಸ್ ಫೀವರ್’ ಎಂದಳು.

ಹುಳು ಸಾಕುವವರಿಗೆ ಗೊತ್ತು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ ಸುಮ್ಮನೆ ಕೂರುತ್ತದೆ. ನಮ್ಮಲ್ಲಿ ಅದಕ್ಕೆ ಜ್ವರ ಎನ್ನುತ್ತೇವೆ. ಗೂಡು ಕಟ್ಟುವ ಮುಂಚೆ ನಾಲ್ಕು ಜ್ವರ. ಇಂಗ್ಲಿಷಿನಲ್ಲಿ ಏನು ಎಂದು ನನಗೂ ಗೊತ್ತಿರಲಿಲ್ಲ. ಅವಳ ಮುಂದೆಯೇ ಮೊಬೈಲಿನಲ್ಲಿ ಹುಡುಕಿದೆ: ಮೋಲ್ಟಿಂಗ್. ‘ಮೋಲ್ಟಿಂಗ್’ ಎಂದು ಅವಳು ಎರಡು ಸಲ ಹೇಳಿ ನೋಡಿದಳು. ಎಲ್ಲರೂ ಹೇಳಿದರು. ಅವತ್ತಿನಿಂದ ಅವಳನ್ನು ಯಾರೂ ದಡ್ಡಿ ಎನ್ನಲಿಲ್ಲ. ಮರುದಿನ ‘ಅಕ್ಕ ಸೇಸ್’ ಎಂದು ಅವಳೇ ಆಟ ನಡೆಸಿದಳು, ಮೊದಲು ಔಟಾದದ್ದು ನಾನು.

ಆರು ವಾರದಲ್ಲಿ ಯಾರೂ ಪಟಪಟ ಇಂಗ್ಲಿಷ್ ಮಾತಾಡಲಿಲ್ಲ. ಮೂರನೇ ತರಗತಿಯ ಇಬ್ಬರಿಗೆ ಇನ್ನೂ ‘ಬಿ’ ಮತ್ತು ‘ಡಿ’ ಅದಲುಬದಲಾಗುತ್ತವೆ. ಕಾಲೇಜು ಶುರುವಾಗಿ ನಾನು ಹೊರಟು ಬಂದೆ. ಈಗ ಶನಿವಾರ ಶನಿವಾರ ಪಿಯುಸಿ ಓದುವ ನಮ್ಮೂರಿನ ಒಬ್ಬಳು ಆಟ ಆಡಿಸುತ್ತಾಳೆ. ಹೋದ ವಾರ ಅವಳ ಫೋನಿನಿಂದ ಎಲ್ಲರೂ ಒಟ್ಟಿಗೆ ಕೂಗಿ ಹೊಸ ಬಸ್ ಲೆಕ್ಕ ಕಳಿಸು ಎಂದರು. ಈ ಸಲ ಪ್ರೈವೇಟ್ ಬಸ್ಸೂ ಇರಬೇಕಂತೆ.