ಹಳೆಯ ಸಾಲುಮನೆಗೆ ಗಾಜಿನ ಗೋಡೆ

ಬಸವಾಪಟ್ಟಣದಂತಹ ಹಳೆಯ ಊರಿನ ಬೀದಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನಿಮ್ಮ ಮನೆಯ ಬಲಗೋಡೆಯೇ ಪಕ್ಕದವರ ಎಡಗೋಡೆ. ಮುಂದೆ ಜಗುಲಿ, ಒಳಗೆ ಪಡಸಾಲೆ, ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಲು. ಪಕ್ಕದ ಗೋಡೆಗಳಲ್ಲಿ ಕಿಟಕಿ ಇಡುವಂತಿಲ್ಲ. ಆದ್ದರಿಂದ ಬೆಳಕು ಬರುವುದು ಬೀದಿಯಿಂದ, ಹಿತ್ತಲಿನಿಂದ, ಮಾಡಿನ ಬೆಳಕಿಂಡಿಯಿಂದ ಮಾತ್ರ. ಹಗಲಲ್ಲೇ ದೀಪ ಹಾಕಿಕೊಂಡು ಓದುವುದು ನಿಮ್ಮಲ್ಲಿ ಅನೇಕರಿಗೆ ಹೊಸದಲ್ಲ.

ಅಡಿಕೆಗೆ ಒಳ್ಳೆಯ ಬೆಲೆ ಸಿಕ್ಕ ವರ್ಷ ಮನೆಯವರು ಹಿತ್ತಲ ಕಡೆ ಒಂದು ಕೋಣೆ ಹೊರಡಿಸುವ ಮಾತೆತ್ತುತ್ತಾರೆ. ಮಕ್ಕಳಿಗೆ ಓದಲು, ಅಜ್ಜಿಗೆ ಮಲಗಲು ಅನುಕೂಲ. ಹಿಂದಿನ ಗೋಡೆ ತೆಗೆದು ನೆಲದಿಂದ ಮೇಲಿನವರೆಗೆ ಗಾಜು ಹಾಕಿದರೆ ಮನೆಯೆಲ್ಲ ಬೆಳಗುತ್ತದಲ್ಲವೆ? ಬೆಳಗುತ್ತದೆ ನಿಜ. ಆದರೆ ಬೆಳಕಿನ ಜೊತೆಗೆ ಇನ್ನೇನು ಒಳಗೆ ಬರುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು.

ಈ ಬಗೆಯ ವಿಸ್ತರಣೆ ಇಂಗ್ಲೆಂಡಿನಲ್ಲಿ ಬಹಳ ಸಾಮಾನ್ಯ. ಅಲ್ಲಿ 19ನೆಯ ಶತಮಾನದಲ್ಲಿ ಕಟ್ಟಿದ ಇಟ್ಟಿಗೆಯ ಸಾಲುಮನೆಗಳು ಇಂದಿಗೂ ಬಳಕೆಯಲ್ಲಿವೆ. ಅವುಗಳ ಹಿಂಬದಿಗೆ ಗಾಜಿನ ಕೋಣೆ ಸೇರಿಸುತ್ತಾರೆ. ಲಂಡನ್ ಇರುವುದು 51 ಡಿಗ್ರಿಗೂ ಮೇಲಿನ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ನಡುಹಗಲಲ್ಲಿ ಸೂರ್ಯ ಅಲ್ಲಿ ದಿಗಂತದಿಂದ ಕೇವಲ 15 ಡಿಗ್ರಿ ಮೇಲೇರುತ್ತಾನೆ. ಅಂಥವರು ಬಿಸಿಲನ್ನು ಮನೆಯೊಳಗೆ ಕರೆಯುವುದರಲ್ಲಿ ಅರ್ಥವಿದೆ.

ಬಸವಾಪಟ್ಟಣ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರಿನಲ್ಲೂ ನಡುಹಗಲ ಸೂರ್ಯ 52 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ಅಂಗಳದಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ನಡುಹಗಲಲ್ಲಿ ನೆತ್ತಿಯಿಂದ ತುಸು ಉತ್ತರಕ್ಕೂ ವಾಲುತ್ತಾನೆ.

ದಕ್ಷಿಣಕ್ಕೆ ಮುಖ ಮಾಡಿದ ಏಳಡಿ ಎತ್ತರದ ಗಾಜನ್ನು ತೆಗೆದುಕೊಳ್ಳಿ. ಅದರ ಮೇಲೆ ಎರಡಡಿ ಚಾಚಿದ ಸಜ್ಜಾ ಇದೆ. ಮಾರ್ಚ್ 21ರ ನಡುಹಗಲಲ್ಲಿ ಆ ಸಜ್ಜಾದ ನೆರಳು ಸುಮಾರು ಎಂಟಡಿ ಕೆಳಗಿನವರೆಗೆ ಬೀಳುತ್ತದೆ. ಗಾಜು ಪೂರ್ತಿ ನೆರಳಿನಲ್ಲಿರುತ್ತದೆ. ಡಿಸೆಂಬರಿನಲ್ಲಿ ನೆರಳು ಎರಡೂವರೆ ಅಡಿ ಮಾತ್ರ. ಚಳಿಗಾಲದ ಹಿತವಾದ ಬಿಸಿಲು ಕೆಳಭಾಗದಿಂದ ಒಳಗೆ ಬರುತ್ತದೆ. ತ್ರಿಕೋನಮಿತಿ ಓದಿದವರು ಟ್ಯಾನ್ ಕೋಷ್ಟಕ ತೆಗೆದು ಪರೀಕ್ಷಿಸಬಹುದು.

ತೊಂದರೆ ಇರುವುದು ಪಶ್ಚಿಮದಲ್ಲಿ. ಮನೆಯ ಬಾಗಿಲು ಪೂರ್ವಕ್ಕಿರಬೇಕೆಂದು ನಮ್ಮ ಜನ ಬಯಸುತ್ತಾರಲ್ಲ, ಹಾಗಿರುವ ಮನೆಯ ಹಿತ್ತಲು ಪಶ್ಚಿಮಕ್ಕೇ ಬರುತ್ತದೆ! ಏಪ್ರಿಲ್ ಕೊನೆಯಲ್ಲಿ ಸಂಜೆ ಐದು ಗಂಟೆಗೆ ಸೂರ್ಯ ಸುಮಾರು 23 ಡಿಗ್ರಿಗೆ ಇಳಿದಿರುತ್ತಾನೆ. ಅದೇ ಎರಡಡಿಯ ಸಜ್ಜಾ ಆಗ ಒಂದಡಿ ನೆರಳನ್ನೂ ಕೊಡದು. ಹತ್ತಡಿ ಅಗಲ, ಏಳಡಿ ಎತ್ತರದ ಸಾದಾ ಗಾಜಿನ ಮೂಲಕ ಹೆಚ್ಚುಕಡಿಮೆ 3,000 ವ್ಯಾಟಿನಷ್ಟು ಶಾಖ ಒಳಗೆ ನುಗ್ಗುತ್ತದೆ. ನೀರು ಕಾಯಿಸುವ 1,500 ವ್ಯಾಟಿನ ಎರಡು ಕಾಯಿಲ್‌ಗಳನ್ನು ಕೋಣೆಯಲ್ಲಿ ಹಚ್ಚಿಟ್ಟಂತೆ. ಅಜ್ಜಿ ಮಲಗಬೇಕಾದದ್ದು ಇದೇ ಕೋಣೆಯಲ್ಲಿ.

ತೆಗೆಯಬೇಕೆಂದಿರುವ ಹಳೆಯ ಗೋಡೆ ಈವರೆಗೆ ಮಾಡುತ್ತಿದ್ದ ಕೆಲಸವನ್ನೂ ನೋಡಿ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯನ್ನು ದಾಟಿ ಶಾಖ ಒಳಗೆ ಬರಲು ಹತ್ತು ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ರಾತ್ರಿಯಾಗಿರುತ್ತದೆ, ಬಾಗಿಲು ತೆರೆದರೆ ತಂಗಾಳಿ ಬರುತ್ತದೆ. ಗಾಜಿಗೆ ಈ ತಾಳ್ಮೆ ಇಲ್ಲ.

ಒಳಗೆ ಬಂದ ಶಾಖ ಏಕೆ ಹೊರಗೆ ಹೋಗುವುದಿಲ್ಲ? ಸೂರ್ಯನ ಬೆಳಕನ್ನು ಗಾಜು ಒಳಗೆ ಬಿಡುತ್ತದೆ, ಬಿಸಿಯಾದ ನೆಲ-ಗೋಡೆಗಳು ಹೊರಸೂಸುವ ಅವಗೆಂಪು ಕಿರಣಗಳನ್ನು ಹೊರಗೆ ಬಿಡುವುದಿಲ್ಲ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಮಾತು ಸರಿ, ಆದರೆ ಅರ್ಧ ಮಾತ್ರ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಎರಡು ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟರು. ಒಂದಕ್ಕೆ ಗಾಜಿನ ಮುಚ್ಚಳ. ಇನ್ನೊಂದಕ್ಕೆ ಅವಗೆಂಪು ಕಿರಣಗಳನ್ನು ಹೊರಬಿಡುವ ಕಲ್ಲುಪ್ಪಿನ ಹಲಗೆಯ ಮುಚ್ಚಳ. ಎರಡೂ ಪೆಟ್ಟಿಗೆಗಳು ಹೆಚ್ಚುಕಡಿಮೆ ಒಂದೇ ಸಮ ಕಾದವು. ಬಿಸಿಗಾಳಿ ಹೊರಗೆ ಹೋಗಲು ದಾರಿಯಿಲ್ಲದಿರುವುದೇ ಇಲ್ಲಿ ದೊಡ್ಡ ಕಾರಣ.

ಇದು ನಮಗೆ ಉಪಯೋಗದ ಮಾತು. ಗಾಜು ಹಾಕುವುದೇ ಆದರೆ ಕೆಳಗೊಂದು, ಮೇಲೊಂದು ಕಿಂಡಿ ಬಿಡಿ. ಬಿಸಿಗಾಳಿ ಮೇಲಿನಿಂದ ಹೊರಟರೆ ತಂಪಾದ ಗಾಳಿ ಕೆಳಗಿನಿಂದ ಬರುತ್ತದೆ. ತೊಟ್ಟಿಮನೆಯ ತೆರೆದ ಅಂಗಳ ಮಾಡುತ್ತಿದ್ದುದೂ ಇದನ್ನೇ. ಪಶ್ಚಿಮದ ಗಾಜಿಗೆ ಹೊರಗಡೆಯಿಂದ ತಡೆ ಬೇಕು: ಬಿದಿರಿನ ತಟ್ಟಿ, ಬಳ್ಳಿಯ ಚಪ್ಪರ, ಏನಾದರೂ ಸರಿ. ಒಳಗಿನ ಪರದೆ ಹೆಚ್ಚು ಪ್ರಯೋಜನವಿಲ್ಲ. ಅಷ್ಟರಲ್ಲಿ ಬಿಸಿಲು ಗಾಜು ದಾಟಿ ಆಗಿರುತ್ತದೆ. ಉತ್ತರದ ಹಿತ್ತಲಿರುವವರು ಅದೃಷ್ಟವಂತರು.

ಬೆಳಕಿನ ವಿಷಯದಲ್ಲೂ ಒಂದು ಮಾತು. ಕಿಟಕಿಗೆ ಬೆನ್ನು ಮಾಡಿ ಕುಳಿತವರ ಮುಖ ಟಿ.ವಿ. ಕ್ಯಾಮೆರಾದಲ್ಲಿ ಕಪ್ಪಾಗಿ ಕಾಣುತ್ತದೆ. ನಮ್ಮ ಛಾಯಾಗ್ರಾಹಕರ ನಿತ್ಯದ ಗೋಳು ಇದು. ಕಣ್ಣಿಗೂ ಹೀಗೇ. ಒಂದೇ ಕಡೆ ಭಾರಿ ಗಾಜಿದ್ದರೆ ನಡುಮನೆ ಮೊದಲಿಗಿಂತ ಕತ್ತಲಾಗಿ ತೋರುತ್ತದೆ. ಗಾಜನ್ನು ಅರ್ಧ ಮಾಡಿ, ನಡುಮನೆಯ ಮಾಡಿನಲ್ಲಿ ಇನ್ನೆರಡು ಗಾಜಿನ ಹಂಚು ಕೂರಿಸುವುದೇ ಮೇಲು ಎಂದು ನನಗನ್ನಿಸುತ್ತದೆ.

ಇನ್ನು ಗೋಡೆ ಒಡೆಯುವ ಕೆಲಸ. ತೊಲೆಗಳು ಯಾವ ಗೋಡೆಯ ಮೇಲೆ ಕೂತಿವೆ ಎಂದು ಮೇಸ್ತ್ರಿಯೊಂದಿಗೆ ಅಟ್ಟ ಹತ್ತಿ ನೋಡಿ. ಹಿಂಗೋಡೆಯ ಮೇಲಿದ್ದರೆ, ಅದನ್ನು ಮುಟ್ಟುವ ಮೊದಲು ಆಸರೆ ಕಂಬ ಕೊಡಬೇಕು, ಆಮೇಲೆ ಉಕ್ಕಿನ ಅಥವಾ ಕಾಂಕ್ರೀಟಿನ ತೊಲೆ. ಆ ತೊಲೆಯ ತುದಿಗಳನ್ನು ನೇರ ಮಣ್ಣಿನ ಮೇಲೆ ಕೂರಿಸಿದರೆ ಗೋಡೆ ಕುಸಿಯಬಹುದು; ಅಗಲವಾದ ಕಲ್ಲು ಅಥವಾ ಕಾಂಕ್ರೀಟ್ ದಿಂಡು ಕೆಳಗಿರಬೇಕು. ತೊಲೆಗಳು ಪಕ್ಕದ ಗೋಡೆಗಳ ಮೇಲಿದ್ದರೂ ನಿಶ್ಚಿಂತೆಯಿಲ್ಲ. ಆ ಗೋಡೆಗಳು ವಾಲದಂತೆ ಹಿಡಿದಿರುವುದು ಇದೇ ಹಿಂಗೋಡೆ, ಮತ್ತು ಅವುಗಳ ಮೇಲೆ ಪಕ್ಕದ ಮನೆಯವರ ತೊಲೆಗಳೂ ಕೂತಿರುತ್ತವೆ. ನಿಮ್ಮ ಕೋಣೆಗಾಗಿ ಬಿರುಕು ಬಿಡುವುದು ಅವರ ಅಡುಗೆಮನೆ.

ಇಂಗ್ಲೆಂಡಿನಲ್ಲಿ ಇದಕ್ಕೆಂದೇ 1996ರಲ್ಲಿ ಕಾಯ್ದೆ ಬಂತು. ಜಂಟಿ ಗೋಡೆಗೆ ಕೈ ಹಾಕುವ ಮೊದಲು ನೆರೆಯವರಿಗೆ ಲಿಖಿತ ಸೂಚನೆ ಕೊಡಬೇಕು. ನಮ್ಮಲ್ಲಿ, 20 ವರ್ಷ ತಡೆಯಿಲ್ಲದೆ ಹಕ್ಕಿನಿಂದ ಕಿಟಕಿಯ ಬೆಳಕು ಅನುಭವಿಸಿದವರಿಗೆ ಆ ಬೆಳಕಿನ ಮೇಲೆ ಕಾನೂನು ಹಕ್ಕು ಕೊಡುತ್ತದೆ. ಹಿತ್ತಲಲ್ಲಿ ಕೋಣೆ ಎಬ್ಬಿಸುವಾಗ ಪಕ್ಕದವರ ಕಿಟಕಿ ಮುಚ್ಚುತ್ತದೆಯೇ ಎಂದು ಅವರನ್ನೇ ಕರೆದು ತೋರಿಸಿ.

ಗಾಜು ಕೊಳ್ಳುವಾಗ ಬಾಗಿಲಿಗೆ ಟಫನ್ಡ್ ಗಾಜು ಕೇಳಿ. ಒಡೆದರೆ ಚೂಪಾದ ಚೂರಾಗದೆ ಸಣ್ಣ ಹರಳುಗಳಾಗಿ ಉದುರುತ್ತದೆ. ತಲೆಯ ಮೇಲೆ ಹಾಕುವುದಕ್ಕೆ ಒಡೆದರೂ ಪದರಕ್ಕೆ ಅಂಟಿಕೊಂಡಿರುವ ಲ್ಯಾಮಿನೇಟೆಡ್ ಗಾಜೇ ಆಗಬೇಕು. ಟಫನ್ಡ್ ಗಾಜನ್ನು ಆಮೇಲೆ ಒಂದು ನೂಲಿನಷ್ಟೂ ಕತ್ತರಿಸಲು ಬಾರದು. ಗಾರೆ ಪೂರ್ತಿ ಒಣಗಿ ಚೌಕಟ್ಟು ಕೂತ ಮೇಲೆ ಅಳತೆ ಕೊಡಿ.