ಮೊದಲೇ ಬರೆದಿಟ್ಟ ಉತ್ತರ

1998ನೆಯ ನವೆಂಬರಿನಲ್ಲಿ, ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ನಡೆದ ಗಣಕಯಂತ್ರಗಳ ಪ್ರದರ್ಶನದಲ್ಲಿ, ಆರಕಲ್ ಕಂಪನಿಯ ಮುಖ್ಯಸ್ಥ ಲ್ಯಾರಿ ಎಲಿಸನ್ ಒಂದು ಪಂಥವನ್ನೊಡ್ಡಿದರು. ವ್ಯಾಪಾರದ ಲೆಕ್ಕಗಳ ಬೃಹತ್ ಸಂಗ್ರಹದಿಂದ ಒಂದು ಗೊತ್ತಾದ ಪ್ರಶ್ನೆಗೆ ಉತ್ತರ ತೆಗೆಯುವುದರಲ್ಲಿ, ಮೈಕ್ರೋಸಾಫ್ಟಿನ ಡೇಟಾಬೇಸು ತಮ್ಮದಕ್ಕಿಂತ ನೂರು ಪಟ್ಟು ನಿಧಾನವಲ್ಲವೆಂದು ತೋರಿಸಿಕೊಟ್ಟವರಿಗೆ ಹತ್ತು ಲಕ್ಷ ಡಾಲರು ಬಹುಮಾನ! ಸಮಬಲರ ನಡುವೆ ಇಷ್ಟು ಅಂತರವೇ?

ಗುಟ್ಟು ಜವಳಿ ಅಂಗಡಿಯ ಗುಮಾಸ್ತನಿಗೂ ತಿಳಿದದ್ದೇ. ವರ್ಷದ ವ್ಯಾಪಾರವೆಷ್ಟೆಂದು ಯಜಮಾನರು ಕೇಳಿದಾಗ ದಡ್ಡನು ರಸೀತಿಗಳನ್ನೆಲ್ಲ ಹರಡಿಕೊಂಡು ಕೂಡುವನು. ಜಾಣನು ಪ್ರತಿ ತಿಂಗಳ ಮೊತ್ತವನ್ನು ಬೇರೊಂದು ಪುಸ್ತಕದಲ್ಲಿ ಬರೆದಿಟ್ಟಿರುವನು. ಹನ್ನೆರಡು ಅಂಕೆಗಳನ್ನು ಕೂಡಿದರೆ ಮುಗಿಯಿತು. ಡೇಟಾಬೇಸಿನಲ್ಲಿ ಇಂಥ ಪುಸ್ತಕಕ್ಕೆ ‘ಮೆಟೀರಿಯಲೈಸ್ಡ್ ವ್ಯೂ’ ಎಂದು ಹೆಸರು. ಕೇಳಿದ ಪ್ರಶ್ನೆಗೆ ಸಿದ್ಧ ಮೊತ್ತಗಳಿಂದಲೇ ಉತ್ತರ ಹೊರಡುವುದೇ ಎಂದು ಆರಕಲ್‌ನ ಯಂತ್ರವು ತಾನೇ ನಿರ್ಣಯಿಸುತ್ತಿತ್ತು.

ಆ ನಿರ್ಣಯ ಸುಲಭವಲ್ಲ. ಒಂದು ತಿಂಗಳು 10 ರಸೀತಿಗಳು, ಸರಾಸರಿ 100 ರೂಪಾಯಿ. ಮರುತಿಂಗಳು 90 ರಸೀತಿಗಳು, ಸರಾಸರಿ 20 ರೂಪಾಯಿ ಎನ್ನಿ. ಎರಡು ತಿಂಗಳಿಗೂ ಸೇರಿ ಸರಾಸರಿ 60 ಎಂದವನು ಮೋಸಹೋದನು, ನಿಜವಾದುದು 28. ರಸೀತಿಗಳ ಸಂಖ್ಯೆಯನ್ನು ಬರೆದಿಡದಿದ್ದರೆ ಈ 28 ಆ ಪುಸ್ತಕದಿಂದ ಎಂದಿಗೂ ದೊರೆಯದು. ಇನ್ನು, ಮಾರಿದ ಸೀರೆಯೊಂದು ಹಿಂದಿರುಗಿ ಬಂದಾಗ ಮೂಲ ಲೆಕ್ಕವನ್ನು ಮಾತ್ರ ತಿದ್ದಿ ಮೊತ್ತವನ್ನು ಮರೆತರೆ, ಉತ್ತರ ಥಟ್ಟನೆ ಬರುವುದು, ಆದರೆ ಸುಳ್ಳಾಗಿರುವುದು.

ಪಂಥದ ಪ್ರಶ್ನೆ 1995ರಲ್ಲಿ ಆರಂಭವಾದ ‘ಟಿಪಿಸಿ-ಡಿ’ ಎಂಬ ಪರೀಕ್ಷೆಯದು. ಅದರ 17 ಪ್ರಶ್ನೆಗಳ ಸ್ವರೂಪ ಎಲ್ಲರಿಗೂ ಮುಂಚಿತವಾಗಿಯೇ ತಿಳಿದಿತ್ತು. ಪ್ರಶ್ನಪತ್ರಿಕೆ ಕೈಯಲ್ಲಿರುವಾಗ ಉತ್ತರ ಬರೆದಿಟ್ಟುಕೊಂಡು ಬಂದವನ ವೇಗವನ್ನು ಯಾವ ಮೇಷ್ಟ್ರು ಮೆಚ್ಚಿಯಾರು? ಆದರೂ ಆರಕಲ್‌ನದು ಕೇವಲ ಕಪಟವೆನ್ನಲಾಗದು. ಕಚೇರಿಗಳಲ್ಲಿ ದಿನವೂ ಕೇಳುವುದು ಬಹುಮಟ್ಟಿಗೆ ನಿನ್ನೆಯ ಪ್ರಶ್ನೆಗಳನ್ನೇ ಅಲ್ಲವೆ?

1999ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ತಾನು ಪಂಥವನ್ನು ಗೆದ್ದುದಾಗಿ ಸಾರಿತು. ಅದೂ ಮೊತ್ತಗಳನ್ನು ಮೊದಲೇ ಸಿದ್ಧಪಡಿಸಿಕೊಂಡಿತ್ತು! ಆರಕಲ್ ಆ ಗೆಲುವನ್ನು ಒಪ್ಪಲಿಲ್ಲ. ಏಪ್ರಿಲಿನಲ್ಲಿ ಪರೀಕ್ಷೆಯನ್ನೇ ರದ್ದುಗೊಳಿಸಿ ಎರಡು ಹೊಸ ಪರೀಕ್ಷೆಗಳನ್ನು ತರಲಾಯಿತು. ಹಠಾತ್ತನೆ ಬರುವ ಪ್ರಶ್ನೆಗಳಿಗಾಗಿ ರಚಿಸಿದ ‘ಟಿಪಿಸಿ-ಎಚ್’ನಲ್ಲಿ ಸಿದ್ಧ ಮೊತ್ತಗಳಿಗೆ ಎಡೆಯಿಲ್ಲ, ‘ಟಿಪಿಸಿ-ಆರ್’ನಲ್ಲಿ ಇತ್ತು. 2005ರಲ್ಲಿ ಎರಡನೆಯದನ್ನು ಕೈಬಿಟ್ಟರು.